ಸುಂಕದ ಗೋಡೆ ತಗ್ಗಿಸಿದ ಬೇಸಾಯಗಾರನ ಮಗ ರಿಚರ್ಡ್ ಕಾಬ್ಡೆನ್

ಎರಡು ದೇಶಗಳ ನಡುವೆ ವ್ಯಾಪಾರ ಒಪ್ಪಂದವಾಯಿತು, ಇಂತಿಂಥ ಸರಕಿನ ಆಮದು ಸುಂಕ ಇಷ್ಟಿಷ್ಟು ಇಳಿಯಿತು ಎಂಬ ಸುದ್ದಿಯನ್ನು ರೈತ ಬಾಂಧವರು ವಾಚನಾಲಯದಲ್ಲಿ ಆಗಾಗ ಓದುತ್ತಿರುತ್ತಾರೆ. ಭಾರತ ಮತ್ತು ಬ್ರಿಟನ್ ನಡುವಿನ ಒಪ್ಪಂದಕ್ಕೆ 2025ರ ಜುಲೈ 24ರಂದು ಸಹಿ ಬಿದ್ದಿತು. ಅದರ ಮಾತುಕತೆ ಆರಂಭವಾದದ್ದು 2022ರ ಜನವರಿಯಲ್ಲಿ. ಸಹಿ ಹಾಕಲು ಒಂದು ಗಳಿಗೆ ಸಾಕು. ಅದಕ್ಕೆ ಮುಂಚೆ ಇಷ್ಟು ವರ್ಷ ಏನು ಮಾತನಾಡುತ್ತಾರೆ ಎಂದು ನಮ್ಮ ಹಳ್ಳಿಗಳ ಸಭೆಗಳಲ್ಲಿ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಹೇಳುವುದಕ್ಕೆ ನೂರ ಅರವತ್ತು ವರ್ಷಗಳಿಗೂ ಹಿಂದೆ ಪ್ಯಾರಿಸಿನಲ್ಲಿ ಇಂಥದೇ ಕೆಲಸಕ್ಕೆ ಕುಳಿತ ಒಬ್ಬ ಮನುಷ್ಯನ ಜೀವನಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ. ಆತನ ಹೆಸರು ರಿಚರ್ಡ್ ಕಾಬ್ಡೆನ್.

ಕಾಬ್ಡೆನ್ ಹುಟ್ಟಿದ್ದು 1804ರ ಜೂನ್ 3ರಂದು, ದಕ್ಷಿಣ ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದಲ್ಲಿ. ಹೇಶಾಟ್ ಎಂಬ ಹಳ್ಳಿಯ ಹತ್ತಿರ ಡನ್‌ಫರ್ಡ್ ಎಂಬ ತೋಟದ ಮನೆ. ಹನ್ನೊಂದು ಮಕ್ಕಳಲ್ಲಿ ಈತ ನಾಲ್ಕನೆಯವನು. ತಂದೆ ವಿಲಿಯಂ ಒಳ್ಳೆಯ ಸ್ವಭಾವದ ಬೇಸಾಯಗಾರ, ಆದರೆ ಲೆಕ್ಕಾಚಾರದಲ್ಲಿ ಹಿಂದು. ಸಾಲ ತೀರಿಸಲಾಗದೆ 1814ರಲ್ಲಿ ಜಮೀನು ಕೈಬಿಟ್ಟಿತು. ಮಕ್ಕಳು ನೆಂಟರಿಷ್ಟರ ಮನೆಗಳಿಗೆ ಹಂಚಿಹೋದರು. ಹತ್ತು ವರ್ಷದ ರಿಚರ್ಡನನ್ನು ದೂರದ ಯಾರ್ಕ್‌ಶೈರಿನ ಒಂದು ವಸತಿಶಾಲೆಗೆ ಹಾಕಿದರು. ಹೊಟ್ಟೆಗೂ ಸರಿಯಾಗಿಲ್ಲದ, ಬೆತ್ತವೇ ಪಾಠವಾಗಿದ್ದ ಆ ಜಾಗದಲ್ಲಿ ಐದು ವರ್ಷ ಕಳೆಯಿತು. ಆ ಐದು ವರ್ಷದ ಬಗ್ಗೆ ಮಾತನಾಡುವುದು ಆತನಿಗೆ ಕೊನೆಯವರೆಗೂ ಆಗಿಬರಲಿಲ್ಲ.

ಹದಿನೈದನೆಯ ವಯಸ್ಸಿಗೆ ಲಂಡನ್ನಿನಲ್ಲಿ ಚಿಕ್ಕಪ್ಪನ ಬಟ್ಟೆ ಮಳಿಗೆಗೆ ಗುಮಾಸ್ತನಾಗಿ ಸೇರಿದ. ಮುಂದೆ ಮಾದರಿ ಬಟ್ಟೆಯ ಗಂಟು ಹೊತ್ತು ಊರೂರು ತಿರುಗಿ ಆರ್ಡರು ಹಿಡಿಯುವ ಕೆಲಸ. 1828ರಲ್ಲಿ ಇಬ್ಬರು ಗೆಳೆಯರ ಜತೆ ಪಾಲುದಾರಿಕೆಯಲ್ಲಿ ಸ್ವಂತ ವ್ಯಾಪಾರ, 1831ರಲ್ಲಿ ಲ್ಯಾಂಕಷೈರಿನ ಸಾಬ್ಡೆನ್ ಎಂಬಲ್ಲಿ ಹತ್ತಿಬಟ್ಟೆಗೆ ಅಚ್ಚು ಹಾಕುವ ಕಾರ್ಖಾನೆ. ಮಾರನೆಯ ವರ್ಷ ಮ್ಯಾಂಚೆಸ್ಟರಿನಲ್ಲಿ ನೆಲೆಸಿದ. ಮೂವತ್ತು ದಾಟುವ ಹೊತ್ತಿಗೆ ಅನುಕೂಲಸ್ಥ. ಅಮೆರಿಕ, ಈಜಿಪ್ಟ್, ತುರ್ಕಿ ಸುತ್ತಿ ಬಂದ. ಫ್ರೆಂಚ್ ಭಾಷೆಯನ್ನೂ ಸ್ವಪ್ರಯತ್ನದಿಂದ ಕಲಿತ. ಮುಂದೆ ಅದೇ ಆತನಿಗೆ ದೊಡ್ಡ ಬಂಡವಾಳವಾಯಿತು.

ಆ ಕಾಲದ ಇಂಗ್ಲೆಂಡಿನ ಧಾನ್ಯ ಕಾನೂನನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. 1815ರ ಈ ಕಾನೂನಿನ ಪ್ರಕಾರ ಸ್ವದೇಶದ ಗೋಧಿಯ ಬೆಲೆ ಕ್ವಾರ್ಟರಿಗೆ 80 ಶಿಲ್ಲಿಂಗ್ ಮುಟ್ಟುವವರೆಗೆ ವಿದೇಶಿ ಗೋಧಿಯನ್ನು ಮಾರಾಟಕ್ಕೆ ಬಿಡುವಂತಿರಲಿಲ್ಲ. ಒಂದು ಕ್ವಾರ್ಟರ್ ಎಂದರೆ ನಮ್ಮ ಎರಡು ಕ್ವಿಂಟಲಿಗೆ ತುಸು ಹೆಚ್ಚು. 1828ರಲ್ಲಿ ಇದನ್ನು ಬದಲಿಸಿ, ಬೆಲೆ ಏರಿದರೆ ಸುಂಕ ಇಳಿಯುವ, ಬೆಲೆ ಇಳಿದರೆ ಸುಂಕ ಏರುವ ಏಣಿಯ ಪದ್ಧತಿ ತಂದರು. ಕೇಳುವುದಕ್ಕೆ ರೈತನ ರಕ್ಷಣೆ. ಆದರೆ ಇಂಗ್ಲೆಂಡಿನಲ್ಲಿ ಭೂಮಿಯೆಲ್ಲ ದೊಡ್ಡ ಜಮೀನುದಾರರ ಕೈಲಿತ್ತು. ಉಳುವವನು ಗೇಣಿದಾರ, ಅವನ ಕೈಕೆಳಗೆ ಕೂಲಿಯಾಳು. ಧಾನ್ಯದ ಬೆಲೆ ಏರಿದಷ್ಟೂ ಗೇಣಿ ಏರುತ್ತಿತ್ತು. ಲಾಭ ಧಣಿಗೆ, ಬೆಲೆ ಬಿದ್ದ ವರ್ಷದ ನಷ್ಟ ಗೇಣಿದಾರನಿಗೆ, ದುಬಾರಿ ರೊಟ್ಟಿ ಕೂಲಿಯವನಿಗೆ. ತಂದೆಯ ಜಮೀನು ಹೋದದ್ದನ್ನು ಕಣ್ಣಾರೆ ಕಂಡಿದ್ದ ಕಾಬ್ಡೆನ್‌ಗೆ ಈ ಲೆಕ್ಕವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಂದಹಾಗೆ ಕಾರ್ಖಾನೆಯವನಾಗಿ ಆತನಿಗೂ ಇದರಲ್ಲಿ ಸ್ವಾರ್ಥವಿತ್ತು. ರೊಟ್ಟಿ ಅಗ್ಗವಾದರೆ ಕೂಲಿಯ ಒತ್ತಡ ಕಡಿಮೆ, ಪರದೇಶದವರ ಧಾನ್ಯ ಕೊಂಡರೆ ಅವರು ನಮ್ಮ ಬಟ್ಟೆ ಕೊಳ್ಳುತ್ತಾರೆ ಎಂಬ ಎಣಿಕೆ. ಆತ ಅದನ್ನು ಮುಚ್ಚಿಡಲಿಲ್ಲ.

1838ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆರಂಭವಾದ ಧಾನ್ಯ ಕಾನೂನು ವಿರೋಧಿ ಸಂಘ ಮರುವರ್ಷ ದೇಶವ್ಯಾಪಿ ಲೀಗ್ ಆಯಿತು. ಕಾಬ್ಡೆನ್ ಅದರ ಬುದ್ಧಿ, ಆತನ ಗೆಳೆಯ ಜಾನ್ ಬ್ರೈಟ್ ಅದರ ಕಂಠ. 1841ರಲ್ಲಿ ಕಾಬ್ಡೆನ್ ಸ್ಟಾಕ್‌ಪೋರ್ಟ್ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ಆಯ್ಕೆಯಾದ. ಅದೇ ವರ್ಷ ಬ್ರೈಟನ ಎಳೆಯ ಹೆಂಡತಿ ತೀರಿಕೊಂಡಾಗ ಸಮಾಧಾನ ಹೇಳಲು ಹೋದ ಕಾಬ್ಡೆನ್, ದುಃಖದ ಮೊದಲ ಹೊಡೆತ ಕಳೆದ ಮೇಲೆ ತನ್ನೊಡನೆ ಬರಬೇಕೆಂದೂ ಆ ಕಾನೂನು ಹೋಗುವವರೆಗೆ ಇಬ್ಬರೂ ವಿರಮಿಸಬಾರದೆಂದೂ ಕೇಳಿಕೊಂಡ. ಹಾಗೆಯೇ ನಡೆದುಕೊಂಡರು. 1840ರಲ್ಲಿ ಬಂದಿದ್ದ ಒಂದು ಪೆನ್ನಿಯ ಅಂಚೆಯ ಮೂಲಕ ಲಕ್ಷಗಟ್ಟಲೆ ಕರಪತ್ರಗಳು ಹಳ್ಳಿಗಳಿಗೆ ಹೋದವು. ಗೇಣಿದಾರರಿಗೆ ಈ ಕಾನೂನಿನಿಂದ ಏನೂ ದಕ್ಕಿಲ್ಲವೆಂದು ಕಾಬ್ಡೆನ್ 1845ರ ಮಾರ್ಚಿನಲ್ಲಿ ಪಾರ್ಲಿಮೆಂಟಿನಲ್ಲಿ ಲೆಕ್ಕ ಒಪ್ಪಿಸಿದಾಗ, ಪ್ರಧಾನಿ ಪೀಲ್ ಉತ್ತರಕ್ಕೆಂದು ಬರೆದುಕೊಳ್ಳುತ್ತಿದ್ದ ಕಾಗದವನ್ನು ಮುದುಡಿ ಪಕ್ಕದವರಿಗೆ ಉತ್ತರದ ಹೊಣೆ ವಹಿಸಿದನೆಂದು ಹೇಳುತ್ತಾರೆ.

ಅದೇ ವರ್ಷದ ಕೊನೆಯಲ್ಲಿ ಐರ್ಲೆಂಡಿನ ಆಲೂಗೆಡ್ಡೆಗೆ ಅಂಗಮಾರಿ ಬಡಿಯಿತು. ನಮ್ಮ ಹಾಸನದ ರೈತರಿಗೆ ಈ ರೋಗದ ಪರಿಚಯ ಬೇರೆ ಮಾಡಿಕೊಡಬೇಕಾಗಿಲ್ಲ. ಮೋಡ ಮುಸುಕಿ ತಂಪು ಹಿಡಿದರೆ ವಾರದೊಳಗೆ ಹೊಲ ಸುಟ್ಟಂತಾಗುವ ಅದೇ ರೋಗ. ಆಗ ಬೋರ್ಡೋ ದ್ರಾವಣವೂ ಇರಲಿಲ್ಲ. ಹಸಿವಿನ ಮುಂದೆ ಪೀಲ್ ಮಣಿದ. 1846ರ ಜೂನ್ 26ರಂದು ಧಾನ್ಯ ಕಾನೂನು ರದ್ದಾಯಿತು. ಸುಂಕ ಮೂರು ವರ್ಷಗಳಲ್ಲಿ ಹಂತಹಂತವಾಗಿ ಇಳಿದು ಕ್ವಾರ್ಟರಿಗೆ ಒಂದು ಶಿಲ್ಲಿಂಗ್ ಮಾತ್ರ ಉಳಿಯಿತು.

ಈ ಹೋರಾಟದಲ್ಲಿ ಕಾಬ್ಡೆನ್ ವ್ಯಾಪಾರ ಮುಳುಗಿತ್ತು. ಜನರು ಚಂದಾ ಎತ್ತಿ ದೊಡ್ಡ ನಿಧಿ ಕೊಟ್ಟರು. ಅದರಲ್ಲಿ ಆತ ಮೊದಲು ಮಾಡಿದ ಕೆಲಸವೆಂದರೆ ತಂದೆ ಕಳೆದುಕೊಂಡಿದ್ದ ಡನ್‌ಫರ್ಡನ್ನು ಕೊಂಡದ್ದು. ಮಿಕ್ಕ ಹಣವನ್ನು ಅಮೆರಿಕದ ಇಲಿನಾಯ್ ರೈಲ್ವೆಯ ಷೇರುಗಳಲ್ಲಿ ತೊಡಗಿಸಿ ಕೈಸುಟ್ಟುಕೊಂಡ. ದೇಶದ ಲೆಕ್ಕ ಬಲ್ಲವನಿಗೆ ಮನೆಯ ಲೆಕ್ಕ ಬರಲಿಲ್ಲ, ತಂದೆಯ ಹಾಗೆಯೇ. 1856ರಲ್ಲಿ ಜರ್ಮನಿಯ ಶಾಲೆಯಲ್ಲಿದ್ದ ಹದಿನೈದು ವರ್ಷದ ಒಬ್ಬನೇ ಮಗ ಜ್ವರದಿಂದ ತೀರಿಕೊಂಡ. ಹೆಂಡತಿ ಕ್ಯಾಥರಿನ್ ವರ್ಷಗಟ್ಟಲೆ ಚೇತರಿಸಿಕೊಳ್ಳಲಿಲ್ಲ. ಮರುವರ್ಷ ಚೀನದ ಮೇಲಿನ ಯುದ್ಧವನ್ನು ಪಾರ್ಲಿಮೆಂಟಿನಲ್ಲಿ ಖಂಡಿಸಿ ಪಾಮರ್‌ಸ್ಟನ್ ಸರ್ಕಾರವನ್ನು ಸೋಲಿಸಿದ. ಆದರೆ ಅದರಿಂದ ಬಂದ ಚುನಾವಣೆಯಲ್ಲಿ ತಾನೇ ಸೋತ. 1859ರಲ್ಲಿ ರಾಚ್‌ಡೇಲ್ ಕ್ಷೇತ್ರದವರು ಆತ ಅಮೆರಿಕದಲ್ಲಿದ್ದಾಗಲೇ ಆಯ್ಕೆ ಮಾಡಿದರು. ಅದೇ ಪಾಮರ್‌ಸ್ಟನ್ ವ್ಯಾಪಾರ ಮಂತ್ರಿಗಿರಿ ಕೊಡಲು ಬಂದಾಗ ಕಾಬ್ಡೆನ್ ಬೇಡವೆಂದ.

ಇನ್ನು ಒಪ್ಪಂದದ ಮಾತು. 1859ರಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸ್ ಯುದ್ಧದ ಅಂಚಿನಲ್ಲಿದ್ದಂತೆ ಎರಡೂ ಕಡೆ ಕೋಟೆ ಹಡಗುಗಳ ಸಿದ್ಧತೆ ನಡೆದಿತ್ತು. ಫ್ರಾನ್ಸಿನಲ್ಲಿ ಇಂಗ್ಲೆಂಡಿನ ಹತ್ತಿ ಬಟ್ಟೆ, ಉಣ್ಣೆ ಬಟ್ಟೆಗಳಿಗೆ ಬಹುಮಟ್ಟಿಗೆ ಪ್ರವೇಶವೇ ನಿಷಿದ್ಧ. ಕಬ್ಬಿಣಕ್ಕೆ ಭಾರಿ ಸುಂಕ. ಇಂಗ್ಲೆಂಡಿನಲ್ಲಿ ಫ್ರಾನ್ಸಿನ ದ್ರಾಕ್ಷಾರಸಕ್ಕೆ ಗ್ಯಾಲನ್ನಿಗೆ ಸುಮಾರು 5 ಶಿಲ್ಲಿಂಗ್ 10 ಪೆನ್ಸ್ ಸುಂಕ. ಮದ್ದುಗುಂಡಿಗೆ ಹಣ ಸುರಿಯುವ ಬದಲು ಫ್ರೆಂಚರೊಡನೆ ವ್ಯಾಪಾರದ ಮಾತನಾಡಬಾರದೇಕೆ ಎಂದು ಬ್ರೈಟ್ ಪಾರ್ಲಿಮೆಂಟಿನಲ್ಲಿ ಕೇಳಿದ್ದನ್ನು ಓದಿದ ಮಿಶೆಲ್ ಶೆವಾಲಿಯೆ ಎಂಬ ಫ್ರೆಂಚ್ ಅರ್ಥಶಾಸ್ತ್ರಜ್ಞ ಕಾಬ್ಡೆನ್‌ಗೆ ಪತ್ರ ಬರೆದ. ಸೆಪ್ಟೆಂಬರಿನಲ್ಲಿ ಕಾಬ್ಡೆನ್ ಅರ್ಥಮಂತ್ರಿ ಗ್ಲಾಡ್‌ಸ್ಟನ್ನನ ಊರಾದ ಹಾವರ್ಡನ್‌ಗೆ ಹೋಗಿ ಅವನನ್ನು ಒಪ್ಪಿಸಿದ. ಪ್ರಧಾನಿ ಅಡ್ಡ ಬರಲಿಲ್ಲ, ಉತ್ಸಾಹವನ್ನೂ ತೋರಲಿಲ್ಲ. ಯಾವ ಹುದ್ದೆಯೂ ಇಲ್ಲದ ಖಾಸಗಿ ಪ್ರವಾಸಿಯಾಗಿ ಕಾಬ್ಡೆನ್ ಅಕ್ಟೋಬರಿನಲ್ಲಿ ಪ್ಯಾರಿಸ್ ಸೇರಿದ. ತಿಂಗಳ 27ರಂದು ಚಕ್ರವರ್ತಿ ಮೂರನೆಯ ನೆಪೋಲಿಯನ್ನನ ಭೇಟಿಯಾಯಿತು.

ಚಕ್ರವರ್ತಿಗೆ ಆಸೆಯಿತ್ತು, ಜತೆಗೆ ಅಂಜಿಕೆಯೂ ಇತ್ತು. 1856ರಲ್ಲಿ ನಿಷೇಧ ತೆಗೆಯುವ ಮಸೂದೆ ತಂದಾಗ ಗಿರಣಿ ಮಾಲೀಕರು, ಕಬ್ಬಿಣದ ಕುಲುಮೆಯವರು ಎಬ್ಬಿಸಿದ ಗದ್ದಲಕ್ಕೆ ಅದನ್ನು ಹಿಂದಕ್ಕೆ ಪಡೆಯಬೇಕಾಗಿತ್ತು. ಶಾಸನಸಭೆ ಅವರ ಕಡೆಗಿತ್ತು. ಆದರೆ ಅಲ್ಲಿನ ಸಂವಿಧಾನದಲ್ಲಿ ಒಂದು ಕಿಂಡಿಯಿತ್ತು. ವಿದೇಶದೊಡನೆ ಚಕ್ರವರ್ತಿ ಮಾಡುವ ವ್ಯಾಪಾರ ಒಪ್ಪಂದಕ್ಕೆ ಶಾಸನಸಭೆಯ ಒಪ್ಪಿಗೆ ಬೇಕಿರಲಿಲ್ಲ, ಅದರಲ್ಲಿ ಬರೆದ ಸುಂಕವೇ ಕಾನೂನು. ಶೆವಾಲಿಯೆ ಹಿಡಿದದ್ದು ಈ ಕಿಂಡಿಯನ್ನು. ಹೀಗಾಗಿ ಮಾತುಕತೆಯೆಲ್ಲ ಗುಟ್ಟಾಗಿ ನಡೆಯಿತು. ವಾಣಿಜ್ಯ ಮಂತ್ರಿ ರೂಯೆ ಇದರಲ್ಲಿದ್ದ. ಹಣಕಾಸಿನ ಮಂತ್ರಿಯನ್ನೇ ಮೊದಲಿಗೆ ಹೊರಗಿಟ್ಟಿದ್ದರು. ಸುಂಕ ಇಳಿದರೆ ಯಾರ ಗಿರಣಿ, ಯಾರ ಮಗ್ಗ ಅಲುಗುತ್ತದೋ ಅವರಿಗೆ ಸುಳಿವೇ ಇಲ್ಲದೆ ತೀರ್ಮಾನವಾದದ್ದು ಈ ಒಪ್ಪಂದದ ದೊಡ್ಡ ಕುಂದು ಎಂದು ನನ್ನ ಅಭಿಪ್ರಾಯ. ಫ್ರಾನ್ಸಿನಲ್ಲಿ ಹಲವರು ಇದನ್ನು ರಾಜಕೀಯ ಬಲಾತ್ಕಾರವೆಂದೇ ಕೊನೆಯವರೆಗೆ ಬಗೆದರು.

1860ರ ಜನವರಿ 23ರಂದು ಸಹಿಯಾಯಿತು. ಇಂಗ್ಲೆಂಡಿನ ಪರವಾಗಿ ರಾಯಭಾರಿ ಕೌಲಿ ಮತ್ತು ಕಾಬ್ಡೆನ್, ಫ್ರಾನ್ಸಿನ ಪರವಾಗಿ ಬಾರೋಶ್ ಮತ್ತು ರೂಯೆ. ಫ್ರಾನ್ಸ್ ನಿಷೇಧಗಳನ್ನು ತೆಗೆಯಬೇಕು. ಅವುಗಳ ಜಾಗದಲ್ಲಿ ಹಾಕುವ ಸುಂಕ ಸರಕಿನ ಬೆಲೆಯ ಶೇಕಡ 30ನ್ನು ಮೀರಬಾರದು, 1864ರ ಅಕ್ಟೋಬರಿನಿಂದ ಶೇಕಡ 25ನ್ನು ಮೀರಬಾರದು. ಇಂಗ್ಲೆಂಡ್ ಫ್ರಾನ್ಸಿನ ಬಹುತೇಕ ಎಲ್ಲ ಕೈಗಾರಿಕಾ ಸರಕಿನ ಸುಂಕವನ್ನು ಪೂರ್ತಿ ತೆಗೆಯಬೇಕು; ದ್ರಾಕ್ಷಾರಸದ ಸುಂಕವನ್ನು ಮೊದಲು 3 ಶಿಲ್ಲಿಂಗಿಗೆ ಇಳಿಸಿ, ಮರುವರ್ಷದಿಂದ ಅದರ ಅಮಲಿನ ಪ್ರಮಾಣಕ್ಕೆ ತಕ್ಕಂತೆ, ಸೌಮ್ಯವಾದದ್ದಕ್ಕೆ ಒಂದೇ ಶಿಲ್ಲಿಂಗ್ ಹಾಕಬೇಕು. ಹತ್ತು ವರ್ಷದ ಕರಾರು. ಒಬ್ಬರು ಮೂರನೆಯ ದೇಶಕ್ಕೆ ಮುಂದೆ ಇನ್ನೂ ಹೆಚ್ಚಿನ ರಿಯಾಯಿತಿ ಕೊಟ್ಟರೆ ಅದು ಇನ್ನೊಬ್ಬರಿಗೂ ತಾನಾಗಿ ಸಲ್ಲಬೇಕು. ಈಗ ಪತ್ರಿಕೆಗಳಲ್ಲಿ ಪರಮಾಪ್ತ ರಾಷ್ಟ್ರ ಎಂದು ಬರೆಯುವುದು ಇದನ್ನೇ.

ಇಂಗ್ಲೆಂಡಿನಲ್ಲಿಯೂ ಟೀಕೆ ಬಂದಿತು. ಮುಕ್ತ ವ್ಯಾಪಾರ ಒಳ್ಳೆಯದೆಂದು ಬೋಧಿಸಿದವನೇ ಈಗ ಸಂತೆಯಲ್ಲಿ ದನ ಕೊಳ್ಳುವವನಂತೆ ಚೌಕಾಶಿಗೆ ಕೂರುವುದೇ ಎಂದು ಹಳೆಯ ಅನುಯಾಯಿಗಳೇ ಹುಬ್ಬೇರಿಸಿದರು. ಫ್ರಾನ್ಸಿಗೆ ಇಳಿಸಿದ ಸುಂಕವನ್ನು ಇಂಗ್ಲೆಂಡ್ ಎಲ್ಲ ದೇಶಗಳಿಗೂ ಇಳಿಸಿರುವುದರಿಂದ ಇದು ಪಕ್ಷಪಾತವಲ್ಲವೆಂಬುದು ಕಾಬ್ಡೆನ್ ವಾದ. ಫೆಬ್ರವರಿ 10ರ ಬಜೆಟ್ಟಿನಲ್ಲಿ ಗ್ಲಾಡ್‌ಸ್ಟನ್ ಸುಂಕ ಬೀಳುವ ಬಾಬುಗಳನ್ನು 419ರಿಂದ 48ಕ್ಕೆ ಇಳಿಸಿದ. ಬೊಕ್ಕಸಕ್ಕೆ ಬಿದ್ದ ಕೊರತೆ ತುಂಬಲು ವರಮಾನ ತೆರಿಗೆ ಪೌಂಡಿಗೆ 9 ಪೆನ್ನಿಯಿಂದ 10 ಪೆನ್ನಿಗೆ ಏರಿತು. ಬಿಟ್ಟುಕೊಟ್ಟ ಸುಂಕವನ್ನು ಇನ್ನಾರಾದರೂ ಕಟ್ಟಲೇಬೇಕಲ್ಲ.

ಇಲ್ಲಿಗೆ ಕೆಲಸ ಮುಗಿಯಿತೆಂದುಕೊಂಡರೆ ತಪ್ಪು. ನಿಜವಾದ ದುಡಿಮೆ ಇನ್ನು ಮುಂದೆ. ಬೆಲೆಯ ಶೇಕಡ 30 ಎಂದು ಬರೆಯುವುದು ಸುಲಭ. ಆದರೆ ಬೆಲೆ ಎಷ್ಟೆಂದು ಹೇಳುವವರು ಯಾರು? ನೂರು ರೂಪಾಯಿಯ ಬಟ್ಟೆ ತಂದವನು ಅರವತ್ತೆಂದು ಚೀಟಿ ಬರೆಸಿದರೆ ಸುಂಕ ಹದಿನೆಂಟಕ್ಕೆ ಇಳಿಯುತ್ತದೆ. ಅದಕ್ಕಾಗಿ ಬೆಲೆಯ ಮೇಲಿನ ಶೇಕಡವಾರನ್ನು ತೂಕ ಅಥವಾ ಅಳತೆಯ ಮೇಲಿನ ನಿಗದಿ ಸುಂಕವಾಗಿ ಪರಿವರ್ತಿಸಬೇಕಾಯಿತು. ನಮ್ಮ ಮಾರುಕಟ್ಟೆಯ ಪ್ರಾಂಗಣದಲ್ಲಿ ಹತ್ತಿಯ ಅಂಡಿಗೆ ಒಂದೊಂದು ಒಂದೊಂದು ದರ್ಜೆಯಿರುತ್ತದೆ. ನೂಲು, ಬಟ್ಟೆ, ಕಬ್ಬಿಣ, ಚರ್ಮ, ಗಾಜು ಎಲ್ಲಕ್ಕೂ ಹಾಗೆಯೇ ಹತ್ತಾರು ದರ್ಜೆಗಳು. ಒಂದೊಂದಕ್ಕೂ ಸರಾಸರಿ ಬೆಲೆ ಹಿಡಿದು ಇಷ್ಟು ಕಿಲೋಗೆ ಇಷ್ಟು ಫ್ರಾಂಕ್ ಎಂದು ಗೊತ್ತುಮಾಡಬೇಕು. ಏಪ್ರಿಲಿನಿಂದ ನವೆಂಬರಿನವರೆಗೆ ಕಾಬ್ಡೆನ್ ಪ್ಯಾರಿಸಿನಲ್ಲಿ ಕುಳಿತು ಮಾಡಿದ್ದು ಇದನ್ನೇ. ಫ್ರೆಂಚ್ ತಯಾರಕರು ತಮ್ಮ ವಾಣಿಜ್ಯ ಮಂಡಳಿಯ ಮುಂದೆ ಬಂದು ಹೇಳಿಕೆ ಕೊಟ್ಟರು, ಇಂಗ್ಲೆಂಡಿನ ತಯಾರಕರು ಮಾದರಿ ಹಿಡಿದು ಸಮುದ್ರ ದಾಟಿ ಬಂದರು. ಪ್ರತಿಯೊಬ್ಬರೂ ತಮ್ಮ ಸರಕೊಂದನ್ನು ಬಿಟ್ಟು ಮಿಕ್ಕದ್ದರ ಸುಂಕ ಇಳಿಸಲು ಸಿದ್ಧ. ಸಂತೆಯಲ್ಲಿ ಮಾದರಿ ಬಟ್ಟೆ ಹರವಿ ಮಾರಿದ್ದ ಕಾಬ್ಡೆನ್‌ಗೆ ಎಳೆ ಮುಟ್ಟಿದರೆ ಬೆಲೆ ತಿಳಿಯುತ್ತಿತ್ತು. ಈ ಕೆಲಸಕ್ಕೆ ರಾಯಭಾರಿಗಿಂತ ಬಟ್ಟೆ ವ್ಯಾಪಾರಿಯೇ ತಕ್ಕವನು. ಅನೇಕ ಸರಕುಗಳ ಮೇಲೆ ಸುಂಕ ಕೊನೆಗೆ 30ರ ಮಿತಿಗಿಂತ ಬಹಳ ಕೆಳಗೆ ನಿಂತಿತು.

ಈ ನಡುವೆ ಫ್ರಾನ್ಸ್ ಸವಾಯ್ ಮತ್ತು ನೀಸ್ ಪ್ರಾಂತಗಳನ್ನು ಸೇರಿಸಿಕೊಂಡಿತು. ಲಂಡನ್ನಿನಲ್ಲಿ ಪಾಮರ್‌ಸ್ಟನ್ ಜುಲೈ ತಿಂಗಳಲ್ಲಿ ಫ್ರಾನ್ಸಿನ ಭಯ ತೋರಿಸಿ ಕರಾವಳಿ ಕೋಟೆಗಳಿಗೆ ಹಣ ಕೇಳಿದ. ಒಂದು ಕೈ ಸ್ನೇಹದ ಕಾಗದ ಬರೆಯುತ್ತಿರುವಾಗ ಇನ್ನೊಂದು ಕೈ ಫಿರಂಗಿ ಕೊಳ್ಳುವುದನ್ನು ಕಂಡು ಕಾಬ್ಡೆನ್ ಕುದಿದ. ಆದರೂ ಮೇಜು ಬಿಟ್ಟು ಏಳಲಿಲ್ಲ. ಪೂರಕ ಕರಾರುಗಳಿಗೆ ಅಕ್ಟೋಬರ್ 12 ಮತ್ತು ನವೆಂಬರ್ 16ರಂದು ಸಹಿಯಾಯಿತು. ಎಂದೋ ಹಿಡಿದಿದ್ದ ಶ್ವಾಸನಾಳದ ಬೇನೆ ಅಷ್ಟರಲ್ಲಿ ಉಲ್ಬಣಿಸಿ, ಚಳಿಗಾಲ ಕಳೆಯಲು ಆಲ್ಜೀರಿಯಕ್ಕೆ ಹೋದ. ಸರ್ಕಾರ ಬಿರುದು ಕೊಡಲು ಬಂದಾಗ ಒಲ್ಲೆನೆಂದ.

ಫಲ ಏನಾಯಿತು? ಫ್ರಾನ್ಸ್ 1861ರಲ್ಲಿ ಬೆಲ್ಜಿಯಂ, 1862ರಲ್ಲಿ ಪ್ರಷ್ಯ, 1863ರಲ್ಲಿ ಇಟಲಿ, 1864ರಲ್ಲಿ ಸ್ವಿಟ್ಸರ್ಲೆಂಡ್ ಜತೆ ಇಂಥವೇ ಒಪ್ಪಂದ ಮಾಡಿಕೊಂಡಿತು. ಪರಮಾಪ್ತ ರಾಷ್ಟ್ರದ ಕರಾರಿನಿಂದ ಒಂದೆಡೆ ಇಳಿದ ಸುಂಕ ಸರಪಳಿಯಂತೆ ಎಲ್ಲೆಡೆ ಇಳಿಯಿತು. ಫ್ರೆಂಚ್ ದ್ರಾಕ್ಷಿ ಬೆಳೆಗಾರನಿಗೆ ಇಂಗ್ಲೆಂಡಿನ ಮಾರುಕಟ್ಟೆ ತೆರೆಯಿತು. ಆದರೆ ಇಂಗ್ಲೆಂಡಿನ ಕವೆಂಟ್ರಿ ಪಟ್ಟಣದಲ್ಲಿ ರೇಷ್ಮೆ ಪಟ್ಟಿ ನೇಯುತ್ತಿದ್ದವರ ಮಗ್ಗಗಳು ನಿಂತುಹೋದವು. ಸಾವಿರಾರು ಜನ ಊರು ಬಿಟ್ಟರು. ಅವರನ್ನು ಯಾರೂ ಪ್ಯಾರಿಸಿಗೆ ಕರೆದು ಕೇಳಿರಲಿಲ್ಲ.

ಸಣ್ಣ ವಿವರದಲ್ಲಿ ದೊಡ್ಡ ಏಟು ಹೇಗೆ ಬೀಳುತ್ತದೆ ಎಂಬುದಕ್ಕೆ ನಮ್ಮಲ್ಲಿಯೂ ಉದಾಹರಣೆಯಿದೆ. ಶ್ರೀಲಂಕಾದೊಡನೆ 1998ರಲ್ಲಿ ಆದ ಒಪ್ಪಂದದ ರಿಯಾಯಿತಿಯನ್ನು ಬಳಸಿ ಬೇರೆ ದೇಶದ ಕರಿಮೆಣಸು ಆ ದೇಶದ ಹೆಸರಿನಲ್ಲಿ ಬರುತ್ತಿದೆಯೆಂದು ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರು ದೂರಿದರು. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಗೊತ್ತುಮಾಡಬೇಕಾಯಿತು. ಸರಕು ಹುಟ್ಟಿದ ನಾಡು ಯಾವುದೆಂದು ಖಾತ್ರಿ ಮಾಡುವ ನಿಯಮ ಸುಂಕದ ದರದಷ್ಟೇ ಮುಖ್ಯ. ಒಪ್ಪಂದದ ಸುದ್ದಿ ಓದುವಾಗ ಶೇಕಡ ಎಷ್ಟೆಂಬುದರ ಜತೆಗೆ ಇದನ್ನೂ ಹುಡುಕಿ ಓದಬೇಕು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿ ಲ್ಯಾಂಕಷೈರಿಗೆ ಹತ್ತಿ ನಿಂತಿತು. ಕೆಲಸ ಕಳೆದುಕೊಂಡ ಗಿರಣಿ ಕೂಲಿಗಳ ಪರಿಹಾರಕ್ಕೆ ಕಾಬ್ಡೆನ್ ದುಡಿದ. 1840ರ ದಶಕದಿಂದಲೇ ಅಮೆರಿಕನ್ ಜಾತಿಯ ಹತ್ತಿ ಬೆಳೆಯುತ್ತಿದ್ದ ನಮ್ಮ ಧಾರವಾಡ ಸೀಮೆಯಲ್ಲಿ ಆಗ ಬೆಲೆ ಗಗನಕ್ಕೇರಿತು. 1865ರಲ್ಲಿ ಯುದ್ಧ ನಿಂತೊಡನೆ ಅಷ್ಟೇ ವೇಗವಾಗಿ ಕುಸಿಯಿತು. ಆ ವರ್ಷದ ಮಾರ್ಚಿನಲ್ಲಿ, ಕೆನಡದಲ್ಲಿ ಕೋಟೆ ಕಟ್ಟುವ ಖರ್ಚನ್ನು ವಿರೋಧಿಸಲೆಂದು ಕಾಬ್ಡೆನ್ ಕೊರೆಯುವ ಚಳಿಯಲ್ಲಿ ಡನ್‌ಫರ್ಡಿನಿಂದ ಲಂಡನ್ನಿಗೆ ಹೋದ. ಸಭೆಗೆ ಕಾಲಿಡಲಾಗಲಿಲ್ಲ. ಏಪ್ರಿಲ್ 2ರಂದು ತೀರಿಕೊಂಡ. ಸಸೆಕ್ಸಿನ ವೆಸ್ಟ್ ಲ್ಯಾವಿಂಗ್ಟನ್ನಿನಲ್ಲಿ ಮಗನ ಪಕ್ಕದಲ್ಲಿ ಮಣ್ಣು ಮಾಡಿದರು.

ಆತನ ಎಣಿಕೆಯೆಲ್ಲ ಸರಿಯಾಯಿತೆಂದು ಹೇಳಲಾಗದು. ಧಾನ್ಯ ಕಾನೂನು ಹೋದ ಮೇಲೂ ಕಾಲು ಶತಮಾನ ಇಂಗ್ಲೆಂಡಿನ ಬೇಸಾಯ ಚೆನ್ನಾಗಿಯೇ ನಡೆಯಿತು. ಆದರೆ 1870ರ ದಶಕದ ಕೊನೆಯಿಂದ ರೈಲು, ಹಡಗುಗಳು ಅಮೆರಿಕದ ಹುಲ್ಲುಗಾವಲಿನ ಅಗ್ಗದ ಗೋಧಿಯನ್ನು ತಂದು ಸುರಿದವು. 1894ರಲ್ಲಿ ಅಲ್ಲಿನ ಗೋಧಿ ಕ್ವಾರ್ಟರಿಗೆ 22 ಶಿಲ್ಲಿಂಗ್ 10 ಪೆನ್ಸಿಗೆ ಇಳಿಯಿತು. ಗೋಧಿ ಹೊಲಗಳು ಹುಲ್ಲುಗಾವಲಾದವು. ಫ್ರಾನ್ಸ್ 1882ರಲ್ಲಿ ಒಪ್ಪಂದವನ್ನು ಮುಂದುವರಿಸಲಿಲ್ಲ. 1892ರಲ್ಲಿ ತನ್ನ ರೈತರಿಗಾಗಿ ಸುಂಕದ ಗೋಡೆಯನ್ನು ಮತ್ತೆ ಎತ್ತರಿಸಿತು.

ಭಾರತದಲ್ಲಿ ಸುಂಕ ಇಳಿದ ಬಗೆಯೇ ಬೇರೆ. ಮ್ಯಾಂಚೆಸ್ಟರಿನವರ ಒತ್ತಾಯಕ್ಕೆ 1882ರಲ್ಲಿ ವಿದೇಶಿ ಹತ್ತಿಬಟ್ಟೆಯ ಮೇಲಿನ ಆಮದು ಸುಂಕವನ್ನು ಸರ್ಕಾರ ತೆಗೆದುಹಾಕಿತು. ಪ್ರತಿಯಾಗಿ ಭಾರತಕ್ಕೆ ಏನೂ ದೊರೆಯಲಿಲ್ಲ, ಕೇಳುವುದಕ್ಕೆ ನಮ್ಮ ಕಡೆಯ ಕಾಬ್ಡೆನ್ ಯಾರೂ ಆ ಕೋಣೆಯಲ್ಲಿರಲಿಲ್ಲ. ಹಣದ ಮುಗ್ಗಟ್ಟಿನಿಂದ ಸುಂಕವನ್ನು ಮತ್ತೆ ಹಾಕಬೇಕಾಗಿ ಬಂದಾಗ ಅದಕ್ಕೆ ಸರಿದೂಗುವಂತೆ ನಮ್ಮ ಗಿರಣಿ ಬಟ್ಟೆಗೂ ತೆರಿಗೆ ಹೇರಿದರು. 1896ರಲ್ಲಿ ಎರಡನ್ನೂ ಶೇಕಡ ಮೂರೂವರೆ ಎಂದು ಗೊತ್ತುಮಾಡಿದರು. ಮುಂಬಯಿ, ಅಹಮದಾಬಾದಿನ ಗಿರಣಿಗಳು ಆ ತೆರಿಗೆಯನ್ನು ಅಲ್ಲಿಂದ ಸುಮಾರು ಮೂವತ್ತು ವರ್ಷ ಕಟ್ಟಿದವು.